ಬೆಟ್ಟದಿಂದ ಕಟ್ಟಿಗೆ ತರಲು ಟಿಲ್ಲರ್ ಬೇಕಾ, ಕೈಗಾಡಿ ಸಾಕಾ?

ಪ್ರಶ್ನೆ (ಸಾಗರ ತಾಲ್ಲೂಕಿನಿಂದ):
ಟಿಲ್ಲರ್ (ಹ್ಯಾಂಡಲ್ ಹಿಡಿದು ಓಡಿಸುವ ಎರಡು ಚಕ್ರದ ಉಳುವ ಯಂತ್ರ), ಮಿನಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಅಣ್ಣ ಈ ಗುಂಪಿನಲ್ಲಿ ಇದ್ದಾರಲ್ಲ, ಅವರಿಗೆ ಈ ಪ್ರಶ್ನೆ. ನಮ್ಮದು ಎರಡು ಎಕರೆ ಅಡಿಕೆ ತೋಟ. ಮನೆಯ ಮೇಲ್ಗಡೆ ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಗುಡ್ಡದ ಜಾಗ, ಅಲ್ಲಿ ನಾವೇ ನೆಟ್ಟ ಅಕೇಶಿಯಾ ಇದೆ. ಕಟ್ಟಿಗೆ ಅಲ್ಲಿಂದ ಮನೆಗೆ ಬರಬೇಕು, ಸುಮಾರು 300 ಮೀಟರ್ ದಾರಿ. ಇಷ್ಟು ವರ್ಷ ಅಪ್ಪಯ್ಯ ಆಳು ಹಿಡಿದು ತಲೆಹೊರೆಯಲ್ಲಿ ತರಿಸುತ್ತಿದ್ದರು. ಈಗ ಸಿಂಬೆ ಇದೆ, ಹೊರುವ ತಲೆ ಇಲ್ಲ. ಅಂಗಡಿಯವರು ಟಿಲ್ಲರ್ ಜೊತೆ ಟ್ರೈಲರ್ ತಗೊಳ್ಳಿ ಅಂತಾರೆ. ತಮ್ಮ ಮೋಟೋ ಕಾರ್ಟ್ (ಎಂಜಿನ್ ಇರುವ ಸಣ್ಣ ತೋಟದ ಗಾಡಿ) ಅಂತಾನೆ. ಮನೆಯವಳು ಗ್ಯಾಸ್ ಗೀಸರ್ ಹಾಕಿಸಿ ಸುಮ್ನಿರಿ ಅಂತಾಳೆ. ನೀವು ಏನು ಹೇಳ್ತೀರಿ?

ಉತ್ತರ:
ಮನೆಯವರ ಮಾತಿಗೆ ನಾನು ಎದುರು ಹೇಳುವುದಿಲ್ಲ! ಉಳಿದ ಇಬ್ಬರ ಮಾತು ನೋಡೋಣ.

ಮೊದಲು ಎಷ್ಟು ಕಟ್ಟಿಗೆ ಬೇಕು ಅಂತ ತೂಗಿ ನೋಡಿ. ಹಂಡೆ ಒಲೆಗೆ ದಿನಕ್ಕೆ 10 ಕೆಜಿ ಅಂತ ಇಟ್ಟುಕೊಂಡರೂ ವರ್ಷಕ್ಕೆ ಮೂರೂವರೆ ಟನ್ ದಾಟುತ್ತದೆ. ಅಡಿಕೆ ಬೇಯಿಸುವುದಕ್ಕೆ ಇನ್ನೊಂದು ಒಂದೂವರೆ ಟನ್ ಸೇರಿಸಿ. ಒಟ್ಟು 5 ಟನ್. ಕೈಗಾಡಿಯಲ್ಲಿ ಒಂದು ಸಲಕ್ಕೆ 60 ಕೆಜಿ ಬಂದರೆ 83 ಸಲ. ದಿನಾ ಬೆಳಗ್ಗೆ ಎಂಟು ಸಲ ಹೋಗಿ ಬಂದರೆ ಹತ್ತೂವರೆ ದಿನದ ಕೆಲಸ. ಉಳಿದ 350 ದಿನ ಟಿಲ್ಲರ್ ಕೊಟ್ಟಿಗೆಯಲ್ಲಿ ಕೂತು ಏನು ಮಾಡುತ್ತದೆ? ಗದ್ದೆ ಇದ್ದರೆ, ಗೊಬ್ಬರ ಸಾಗಿಸುವುದಿದ್ದರೆ ಬೇರೆ ಮಾತು. ಬರೀ ಕಟ್ಟಿಗೆಗೆ ಅಂತ ಆದರೆ ಬೇಡ.

ಇದು ಒಣ ಕಟ್ಟಿಗೆಯ ಲೆಕ್ಕ ಅನ್ನುವುದು ನೆನಪಿರಲಿ. ಹಸಿ ಅಕೇಶಿಯಾದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರೇ. ಒಣಗಿದ ಮೇಲೆ 5 ಟನ್ ತೂಗುವ ಕಟ್ಟಿಗೆ, ಕಡಿದ ದಿನ 7 ಟನ್ ಮೇಲಿರುತ್ತದೆ. ಕಡಿದ ಕೂಡಲೇ ಮನೆಗೆ ಸಾಗಿಸುತ್ತೀರಿ ಅಂದರೆ 2 ಟನ್ ನೀರನ್ನೂ ಹೊರುತ್ತಿದ್ದೀರಿ ಅಂತಲೇ ಅರ್ಥ. ನಮ್ಮಲ್ಲಿ ಬಹಳ ಜನ ಮಾಡುವುದು ಇದನ್ನೇ. ಕುಂಟೆಗಳನ್ನು (ಒಡೆಯದ ದಪ್ಪ ಮರದ ತುಂಡು) ಹಸಿಯಾಗಿಯೇ ಅಂಗಳಕ್ಕೆ ತಂದು ಹಾಕಿ, ಅಲ್ಲಿ ಒಡೆದು, ಒಣಗಿಸಿ, ಮತ್ತೆ ಕಟ್ಟಿಗೆಮನೆಯಲ್ಲಿ ಒಟ್ಟುವುದು. ಮಳೆ ಮುಗಿದ ಮೇಲೆ, ನವೆಂಬರ್–ಡಿಸೆಂಬರ್‌ನಲ್ಲಿ ಕಡಿಯಿರಿ. ಬ್ಯಾಣದಲ್ಲೇ ಒಲೆಯ ಅಳತೆಗೆ ಕೊಯ್ದು, ಒಡೆದು, ಕೆಳಗೆ ಎರಡು ಅಡ್ಡ ಮರ ಕೊಟ್ಟು ಒಟ್ಟಿ ಬಿಡಿ. ಮಾರ್ಚ್‌ಗೆ ಇಳಿಸಿ. ಒಡೆದದ್ದು ಬೇಗ ಒಣಗುತ್ತದೆ, ಸಿಪ್ಪೆ ಸಮೇತ ಬಿದ್ದಿರುವ ಕುಂಟೆ ಒಣಗುವುದಿಲ್ಲ.

ಇನ್ನೊಂದು ಲೆಕ್ಕ ಹಾಕಿ. ಮರದ ಬುಡದಿಂದ ಒಲೆ ಬಾಯಿಯವರೆಗೆ ಒಂದೊಂದು ಕಟ್ಟಿಗೆಯನ್ನು ಎಷ್ಟು ಸಲ ಬಗ್ಗಿ ಎತ್ತುತ್ತೀರಿ? ನಾನು ಒಮ್ಮೆ ನಮ್ಮ ಮನೆಯಲ್ಲಿ ಎಣಿಸಿದ್ದೆ, ಆರು ಸಲ. 5 ಟನ್ ಕಟ್ಟಿಗೆಯನ್ನು ಆರು ಸಲ ಎತ್ತಿದರೆ 30 ಟನ್ ಎತ್ತಿದ ಹಾಗೆ. ಸೊಂಟ ಬಿದ್ದುಹೋಗುವುದು ಹೀಗೇ. ಗಾಡಿ ಯಾವುದಾದರೂ ಇರಲಿ, ಆರನ್ನು ನಾಲ್ಕು ಮಾಡಿ.

ಇಷ್ಟಾದ ಮೇಲೆ ಗಾಡಿಯ ಮಾತು. ಅದಕ್ಕೆ ನನಗೆ ಮೂರು ಅಳತೆ ಬೇಕು. ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಎಷ್ಟು ಅಗಲ? ಸಂಕ (ಹಳ್ಳ ದಾಟುವ ಸಣ್ಣ ಮರದ ಸೇತುವೆ) ಏನಾದರೂ ಇದೆಯಾ? ಅತಿ ಕಡಿದಾದ ತುಂಡು ಎಷ್ಟು ಇಳಿಜಾರು? ಇಳಿಜಾರನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. 10 ಅಡಿಯ ನೆಟ್ಟಗಿನ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ತಗೊಳ್ಳಿ. ಒಂದು ತುದಿ ಮೇಲಿನ ನೆಲಕ್ಕೆ ಊರಿ, ಗಾರೆಯವರ ರಸಮಟ್ಟ ಇಟ್ಟು ದಬ್ಬೆಯನ್ನು ಸಮ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಡಿ ಅಂತ ಟೇಪ್ ಹಿಡಿದು ನೋಡಿ, ಅಷ್ಟೇ.

ಪ್ರಶ್ನೆ ಕೇಳಿದವರು:
ಅಳೆದೆ ಅಣ್ಣ. ಇಕ್ಕಟ್ಟಾದ ಜಾಗ ದಣಪೆ (ಬೇಲಿಯ ಬಾಗಿಲು) ಹತ್ತಿರ, ನಾಲ್ಕು ಅಡಿಗಿಂತ ಸ್ವಲ್ಪ ಕಡಿಮೆ. ಅದರ ಕೆಳಗೆ ಒಂದು ಕಾಲುಸಂಕ, ಎರಡು ಅಡಿಕೆ ಮರ ಅಡ್ಡ ಹಾಕಿ ಮೇಲೆ ದಬ್ಬೆ ಹೊಡೆದದ್ದು. ಜಾಸ್ತಿ ಜಾಗದಲ್ಲಿ 10 ಅಡಿಗೆ ಮುಕ್ಕಾಲು ಅಡಿ ಇಳಿಯುತ್ತದೆ. ಆದರೆ ಧರೆ (ಕಡಿದಾದ ದಿಬ್ಬ) ಹತ್ತಿರ ಸುಮಾರು 30 ಮೀಟರ್ ಮಾತ್ರ 10 ಅಡಿಗೆ ಎರಡೂಕಾಲು ಅಡಿ! ನಾನು ಇಷ್ಟು ಅಂತ ಅಂದುಕೊಂಡೇ ಇರಲಿಲ್ಲ.

ಉತ್ತರ:
ಈಗ ಪ್ರಶ್ನೆ ಅರ್ಧ ಬಗೆಹರಿಯಿತು. ಟಿಲ್ಲರ್ ಟ್ರೈಲರ್ ಆ ದಣಪೆ ದಾಟುವುದಿಲ್ಲ, ಸಂಕ ಅದನ್ನು ತಾಳುವುದೂ ಇಲ್ಲ. ದಾಟಿದರೂ ಆ ಧರೆಯ ಇಳಿಜಾರಿನಲ್ಲಿ ಲೋಡ್ ಹಾಕಿಕೊಂಡು ಇಳಿಯಲು ನಾನು ಯಾರಿಗೂ ಹೇಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಟಿಲ್ಲರ್ ಇರುವವರೆಲ್ಲ ಓದಿ.

ಸಮ ನೆಲದಲ್ಲಿ ಎಡಗೈಯ ಸ್ಟೇರಿಂಗ್ ಕ್ಲಚ್ ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಎಡ ಚಕ್ರಕ್ಕೆ ಎಂಜಿನ್ ಓಟ ನಿಲ್ಲುತ್ತದೆ, ಬಲ ಚಕ್ರ ಮುಂದೆ ಹೋಗುತ್ತದೆ. ಇಳಿಜಾರಿನಲ್ಲಿ ಇದೆಲ್ಲ ತಿರುಗುಮುರುಗು. ಅಲ್ಲಿ ಹಿಂದಿನಿಂದ ಟ್ರೈಲರ್ ದೂಡುತ್ತಿರುತ್ತದೆ, ಎಂಜಿನ್ ತಡೆದು ಹಿಡಿದಿರುತ್ತದೆ. ನೀವು ಎಡ ಕ್ಲಚ್ ಹಿಡಿದ ಕೂಡಲೇ ಎಡ ಚಕ್ರಕ್ಕೆ ಆ ತಡೆ ತಪ್ಪಿ, ಅದು ಓಡುತ್ತದೆ. ಟಿಲ್ಲರ್ ಬಲಕ್ಕೆ ನುಗ್ಗುತ್ತದೆ. ಗಾಬರಿಯಲ್ಲಿ ಇನ್ನೂ ಗಟ್ಟಿ ಹಿಡಿಯುತ್ತೀರಿ, ಅದು ಇನ್ನೂ ನುಗ್ಗುತ್ತದೆ. ಕೆಲಸ ಕಲಿಯುವಾಗ ನಾನೇ ಹೀಗೆ ಒಂದು ಟಿಲ್ಲರ್ ಅನ್ನು ಹಳ್ಳಕ್ಕೆ ಇಳಿಸಿದ್ದೇನೆ. ಹ್ಯಾಂಡಲ್ ತಾಗಿದ ಗುರುತು ಮೊಣಕಾಲ ಮೇಲೆ ಈಗಲೂ ಇದೆ. ಇಳಿಯುವಾಗ ಕ್ಲಚ್ ಮುಟ್ಟದೆ ಹ್ಯಾಂಡಲ್ ದೂಡಿಯೇ ತಿರುಗಿಸಬೇಕು. ಗೇರ್ ನ್ಯೂಟ್ರಲ್ ಮಾಡಲೇಬಾರದು. ಟ್ರೈಲರ್‌ನ ಕಾಲು ಬ್ರೇಕ್ ಹಿಡಿಯುತ್ತದಾ ಅಂತ ಮೇಲೆಯೇ ನೋಡಿಕೊಂಡು ಹೊರಡಬೇಕು.

ಮೋಟೋ ಕಾರ್ಟ್ ಒಳ್ಳೆಯ ಗಾಡಿ. ಪುತ್ತೂರಿನ ಯಂತ್ರಮೇಳಕ್ಕೆ ಹೋದವರು ಇಂಥ ಗಾಡಿಗಳನ್ನು ನೋಡಿರುತ್ತೀರಿ. ಅಡಿಕೆ ಗೊನೆ, ಗೊಬ್ಬರ, ಕಟ್ಟಿಗೆ ಎಲ್ಲಕ್ಕೂ ಆಗುತ್ತದೆ. ನಿಮ್ಮ ತೋಟದಲ್ಲಿ ವರ್ಷವಿಡೀ ಕೆಲಸ ಇದ್ದರೆ ಯೋಚನೆ ಮಾಡಿ. ಆದರೆ ಕೊಳ್ಳುವ ಮೊದಲು ಅದನ್ನು ನಿಮ್ಮ ಧರೆಗೇ ತರಿಸಿ, ಲೋಡ್ ಹಾಕಿ, ಅರ್ಧದಲ್ಲಿ ಲಿವರ್ ಬಿಟ್ಟು ನೋಡಿ. ನಿಂತಲ್ಲೇ ನಿಲ್ಲಬೇಕು. ಅಂಗಡಿ ಮುಂದಿನ ಟಾರ್ ರೋಡಿನಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ.

ನಿಮ್ಮ ಕಟ್ಟಿಗೆಗೆ ಮಾತ್ರ ಅಂದರೆ ಒಂದು ಗಾಲಿಯ ಕೈಗಾಡಿ ಸಾಕು. ಎರಡು ಗಾಲಿಯದ್ದು ಸಮ ಅಂಗಳಕ್ಕೆ ಚಂದ. ಓರೆ ದಾರಿಯಲ್ಲಿ ಅದು ಪಕ್ಕಕ್ಕೆ ವಾಲುತ್ತದೆ, ಬೇರಿಗೆ ಒಂದು ಗಾಲಿ ತಾಗಿದರೆ ಹಿಡಿಕೆ ಕೈ ತಿರುಚುತ್ತದೆ. ಒಂದು ಗಾಲಿಗೆ ಒಂದು ಗೇಣು ದಾರಿ ಇದ್ದರೆ ಆಯಿತು. ಗಾರೆ ಕೆಲಸದ ತಗಡು ಬಾಣಲೆಯ ಗಾಡಿ ಹಾಗೇ ತರಬೇಡಿ, ಅದರಲ್ಲಿ ಎರಡು ಅಡಿಯ ಕಟ್ಟಿಗೆ ಕೂರುವುದಿಲ್ಲ. ವೆಲ್ಡಿಂಗ್ ಷೆಡ್‌ನಲ್ಲಿ ಬಾಣಲೆ ತೆಗೆಸಿ, ಪೈಪಿನ ಚಪ್ಪಟೆ ಹಾಸು ಮಾಡಿಸಿ. ಮುಂದೆ, ಗಾಲಿಯ ಮೇಲೆ, ಎರಡಡಿ ಎತ್ತರದ ತಡೆ ನಿಲ್ಲಿಸಿ. ಗಾಲಿ ದೊಡ್ಡದಿದ್ದಷ್ಟು ಒಳ್ಳೆಯದು. ಹಳೇ ಸ್ಕೂಟರಿನ 10 ಇಂಚು ರಿಮ್‌ನ ಚಕ್ರ ಸಿಕ್ಕರೆ ಬಿಡಬೇಡಿ, ಟ್ಯೂಬ್ ಎಲ್ಲ ಕಡೆ ಸಿಗುತ್ತದೆ. ಬುಷ್ ಬೇಡ, ಬಾಲ್ ಬೇರಿಂಗ್ ಹಾಕಿಸಿ.

ಭಾರ ಗಾಲಿಯ ಹತ್ತಿರ ಇರಬೇಕು. ಗಾಲಿಯಿಂದ ಹಿಡಿಕೆಗೆ ನಾಲ್ಕೂವರೆ ಅಡಿ ಅನ್ನಿ. 60 ಕೆಜಿ ಭಾರ ನಡುಮಧ್ಯ ಕೂತರೆ ನಿಮ್ಮ ಕೈಗೆ 30 ಕೆಜಿ. ಅದೇ ಭಾರ ಗಾಲಿಯಿಂದ ಒಂದೂವರೆ ಅಡಿಯಲ್ಲಿ ಕೂತರೆ ಕೈಗೆ 20 ಕೆಜಿ. ದಪ್ಪ ಕಟ್ಟಿಗೆ ಮುಂದೆ, ಸಣ್ಣದು ಹಿಂದೆ.

ಇನ್ನೊಬ್ಬರು (ಮೂಡಿಗೆರೆಯಿಂದ):
ಧರೆ ಅಷ್ಟು ಕಡಿದಿದ್ದರೆ ಕಟ್ಟಿಗೆಯನ್ನು ಮೇಲಿಂದ ಜಾರಿಸಿಬಿಡಬಹುದಲ್ವಾ? ನಮ್ಮ ಎಸ್ಟೇಟಿನಲ್ಲಿ ಸಿಲ್ವರ್ ಓಕ್ ತುಂಡುಗಳನ್ನು ಹಾಗೇ ಮಾಡುತ್ತೇವೆ. ಕೆಳಗೆ ಜೀಪ್ ನಿಲ್ಲಿಸಿಕೊಂಡರೆ ಆಯಿತು.

ಉತ್ತರ:
ನಿಮ್ಮ ಕಡೆಯ ಬೆಟ್ಟ ಇನ್ನೂ ಕಡಿದು, ದುಂಡು ತುಂಡು ಉರುಳುತ್ತದೆ. ಇವರದ್ದು ಒಡೆದ ಕಟ್ಟಿಗೆ. 10 ಅಡಿಗೆ ಎರಡೂಕಾಲು ಅಡಿ ಅಂದರೆ ಬೇಸರದ ಅಳತೆ. ಜಾರುವಷ್ಟು ಕಡಿದಲ್ಲ, ನೆಮ್ಮದಿಯಾಗಿ ಗಾಡಿ ಹಿಡಿದು ಇಳಿಯುವಷ್ಟು ಸಮವೂ ಅಲ್ಲ. ದಬ್ಬೆಯ ಜಾರುಬಂಡೆ ಮಾಡಿದರೆ ಕಟ್ಟಿಗೆ ಅರ್ಧದಲ್ಲೇ ಕೂರುತ್ತದೆ.

ದಾರಿಯನ್ನೇ ಸೊಟ್ಟಗೆ ತಿರುಗಿಸಿ ಉದ್ದ ಮಾಡಬಹುದು. 10 ಅಡಿಗೆ ಒಂದು ಅಡಿಗೆ ತರಬೇಕಾದರೆ 30 ಮೀಟರ್ ದಾರಿ 67 ಮೀಟರ್ ಆಗಬೇಕು. ಅಗೆಸುವುದು ದೊಡ್ಡದಲ್ಲ, ನಮ್ಮ ಮಳೆಗಾಲದಲ್ಲಿ ಅದನ್ನು ಉಳಿಸಿಕೊಳ್ಳುವುದು ದೊಡ್ಡದು. ನೀರು ಪಕ್ಕಕ್ಕೆ ಹೋಗಲು ಅಲ್ಲಲ್ಲಿ ಅಡ್ಡಗಾಲುವೆ ಇಲ್ಲದಿದ್ದರೆ ಆಗಸ್ಟ್‌ನಲ್ಲಿ ದಾರಿ ಹೋಗಿ ಹಳ್ಳ ಆಗಿರುತ್ತದೆ.

ನಾನಾದರೆ ಹಗ್ಗ ಹಾಕುತ್ತೇನೆ. ಧರೆಯ ಮೇಲೆ ಗಟ್ಟಿ ಮರ ಇದೆಯಾ? ಗಾಡಿಯ ಹಿಂದಿನ ಚೌಕಟ್ಟಿಗೆ ಹಗ್ಗ ಕಟ್ಟಿ, ಆ ಮರಕ್ಕೆ ಒಂದು ಪೂರ್ತಿ ಸುತ್ತು ಹಾಕಿ, ತುದಿಯನ್ನು ಒಬ್ಬರು ಹಿಡಿದು ನಿಧಾನ ಬಿಡುತ್ತಾ ಹೋಗಬೇಕು. ಗಾಡಿ, ಕಟ್ಟಿಗೆ ಸೇರಿ 75 ಕೆಜಿ ಇದ್ದರೆ ಅಲ್ಲಿ ಅದು ಎಳೆಯುವುದು 16 ಕೆಜಿಯಷ್ಟು ಮಾತ್ರ. ಒಂದು ಸುತ್ತು ಮರವೇ ಬಹುಪಾಲು ಹಿಡಿದುಕೊಳ್ಳುತ್ತದೆ, ಮೇಲಿನವರು ಬೀಡಿ ಸೇದುತ್ತಾ ಬಿಡಬಹುದು. (ಸೇದಬೇಡಿ, ಮಾರ್ಚ್‌ನಲ್ಲಿ ದರಗು, ಅಂದರೆ ಉದುರಿದ ಎಲೆ, ಒಣಗಿರುತ್ತದೆ.) ತೆಂಗಿನ ನಾರಿನ ಹಗ್ಗ ಇರಲಿ, ನೈಲಾನ್ ಜಾರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಗಾಡಿ ಹಿಡಿದವರು ಹಿಡಿಕೆಯ ಹಿಂದೆಯೇ ಇರಬೇಕು, ಗಾಡಿಯ ಮುಂದೆ ಹೋಗಬಾರದು.

ಮತ್ತೊಬ್ಬರು (ಶಿರಸಿಯಿಂದ):
ನೀವೆಲ್ಲ ಬೆಟ್ಟದಿಂದ ಮನೆವರೆಗೆ ಮಾತಾಡ್ತಿದ್ದೀರಿ. ಕಟ್ಟಿಗೆಮನೆಯಿಂದ ಬಚ್ಚಲಿಗೆ ಕಟ್ಟಿಗೆ ದಿನಾ ತರುವವರು ನಾವು. ಅರವತ್ತು ಅಡಿ, ನಡುವೆ ಎರಡು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ. ಅದಕ್ಕೆ ಯಾವ ಗಾಡಿ?

ಉತ್ತರ:
ಅಕ್ಕ, ಒಳ್ಳೆ ಪೆಟ್ಟು ಕೊಟ್ಟಿರಿ. ಗಂಡಸರ ಲೆಕ್ಕ ಅಂಗಳಕ್ಕೆ ಬಂದು ನಿಂತುಬಿಡುತ್ತದೆ. ಆ ಹತ್ತು ದಿನದ ಕೆಲಸಕ್ಕಿಂತ ಇದು ದೊಡ್ಡದು, 365 ದಿನದ್ದು.

ಇಲ್ಲಿ ನನ್ನ ಮೊದಲ ಸಲಹೆ ಗಾಡಿಯೇ ಅಲ್ಲ. ಬಚ್ಚಲ ಗೋಡೆಗೆ ತಾಗಿ, ಮಾಡಿನ ಕೆಳಗೆ, ಎರಡು ವಾರದ ಕಟ್ಟಿಗೆ ಹಿಡಿಯುವ ಒಂದು ಅಟ್ಟಣೆ ಮಾಡಿಸಿ. ನೆಲದಿಂದ ಒಂದೂವರೆ ಅಡಿ ಎತ್ತರ ಇರಲಿ, ಬಗ್ಗುವುದು ಕಮ್ಮಿ. ಬಿಸಿಲು ಬಿದ್ದ ದಿನ ಒಂದು ಸಲ ತುಂಬಿಸಿದರೆ ಹದಿನೈದು ದಿನ ಮಳೆಯಲ್ಲಿ ಓಡಾಟ ಇಲ್ಲ. ಆದರೆ ಒಲೆ ಬಾಯಿಗೆ ತೀರಾ ಹತ್ತಿರ ಬೇಡ, ಕಿಡಿ ಹಾರುತ್ತದೆ. ತುಂಬಿಸುವುದಕ್ಕೆ ಅಂಗಡಿಯವರು ಅಕ್ಕಿ ಚೀಲ ದೂಡುವ ಎರಡು ಗಾಲಿಯ ಕೈ ಟ್ರಾಲಿ ಸಾಕು. ಅದನ್ನು ಹಿಂದೆ ವಾಲಿಸಿ ಮೆಟ್ಟಿಲನ್ನೂ ಹತ್ತಿಸಬಹುದು. ಗಾಲಿ ಎಂಟು ಇಂಚಿಗಿಂತ ಕಮ್ಮಿ ಇರಬಾರದು, ಸೂಟ್‌ಕೇಸಿನಂಥ ಸಣ್ಣ ಗಾಲಿ ನಮ್ಮ ಅಂಗಳದಲ್ಲಿ ಒಂದು ವಾರ ಬರುವುದಿಲ್ಲ. ಕಟ್ಟಿಗೆ ಬೀಳದಂತೆ ಒಂದು ಹಳೇ ಸೈಕಲ್ ಟ್ಯೂಬ್ ಬಿಗಿಯಿರಿ. ಮೆಟ್ಟಿಲ ಪಕ್ಕ ಒರಟು ಕಾಂಕ್ರೀಟಿನ ಓರೆ ಹಾಕಿಸಿದರೆ ಇನ್ನೂ ಸುಲಭ.

ಇನ್ನೊಬ್ಬರು:
ಬ್ಯಾಟರಿ ಕೈಗಾಡಿ ಬಂದಿದೆಯಲ್ಲ?

ಉತ್ತರ:
ಬಂದಿದೆ. ಸಮ ತೋಟಕ್ಕೆ ಆರಾಮ. ನಮ್ಮ ಕಡೆ ಕೊಳ್ಳುವವರು ಒಂದು ಮಳೆಗಾಲ ಕಳೆದ ಗಾಡಿ ಯಾರದ್ದಾದರೂ ಇದ್ದರೆ ಹೋಗಿ ನೋಡಿ, ಆಮೇಲೆ ದುಡ್ಡು ಕೊಡಿ.

ಪ್ರಶ್ನೆ ಕೇಳಿದವರು:
ಗಾಡಿ ಮಾಡಿಸಿದೆ ಅಣ್ಣ. ಸ್ಕೂಟರ್ ಚಕ್ರ ಗುಜರಿಯಲ್ಲಿ ಸಿಕ್ಕಿತು. ಹೋದ ವರ್ಷ ಕಡಿದು ಬಿಟ್ಟಿದ್ದ ಒಣ ಕಟ್ಟಿಗೆ ಸ್ವಲ್ಪ ಇತ್ತು, ಅದನ್ನು ನಿನ್ನೆ ಇಳಿಸಿದೆವು. ಧರೆ ಮೇಲಿನ ಮತ್ತಿ ಮರಕ್ಕೆ ಹಗ್ಗ ಸುತ್ತಿ ತಮ್ಮ ಬಿಟ್ಟ. ಬೆಳಗ್ಗೆ ಒಂಬತ್ತು ಸಲ ಬಂತು. ಒಂದೇ ತೊಂದರೆ, ಸಂಕ ಹತ್ತುವಾಗ ಗಾಡಿಯ ಹಿಂಗಾಲು ದಬ್ಬೆಗೆ ತಾಗಿ ಸಿಕ್ಕಿಕೊಳ್ಳುತ್ತದೆ.

ಉತ್ತರ:
ಕಾಲು ಎರಡು ಇಂಚು ಕತ್ತರಿಸಿ, ತುದಿಯನ್ನು ಸ್ಕೀ ತರಹ ಹಿಂದಕ್ಕೆ ಬಗ್ಗಿಸಲು ವೆಲ್ಡಿಂಗಿನವರಿಗೆ ಹೇಳಿ. ಸಂಕದ ಎರಡೂ ಬದಿ ಮಣ್ಣು ತುಂಬಿ ಓರೆ ಮಾಡಿ. ಮತ್ತೆ ಆ ಅಡಿಕೆ ಮರ ಎಷ್ಟು ವರ್ಷದ್ದು? ಕೆಳಗಿನಿಂದ ಕತ್ತಿಯಲ್ಲಿ ಚುಚ್ಚಿ ನೋಡಿ. ಮೆತ್ತಗಿದ್ದರೆ ಇನ್ನೊಂದು ಲೋಡ್ ತರುವ ಮೊದಲು ಬದಲಾಯಿಸಿ.