ಅಪ್ಪನ ಕರುಳಿನ ಆಪರೇಷನ್: ಮಾಡಿಸಿದವರು, ಬಿಟ್ಟವರು ಅನುಭವ ಹೇಳಿ

ತಿಪಟೂರಿನ ಮಗ: ಅಪ್ಪನಿಗೆ 73. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಲಿವರ್‌ಗೆ ಹರಡಿಲ್ಲ. ಎಂಟು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಡಾಕ್ಟರು ಆಪರೇಷನ್ ಬೇಗ ಆಗಲಿ ಅಂತಾರೆ. ಅಪ್ಪ "ನನ್ನ ಹೊಟ್ಟೆ ಕುಯ್ಯಿಸಬೇಡ ಕಣೋ" ಅಂತ ಕೈ ಹಿಡ್ಕೊಳ್ತಾರೆ. ಏನು ಮಾಡಲಿ?

ಹಾಸನದ ಅಕ್ಕ: ಮಾಡಿಸಿ. ನಾವು ಅಮ್ಮನಿಗೆ 2022ರಲ್ಲಿ ಮಾಡಿಸಿದೆವು. ಆರನೇ ದಿನ ಒಳಗೆ ಕರುಳು ಜೋಡಿಸಿದ ಜಾಗ ಲೀಕ್ ಆಯ್ತು. ಚಳಿ ಜ್ವರ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ. ರಾತ್ರಿ ಹನ್ನೊಂದಕ್ಕೆ ಎರಡನೇ ಆಪರೇಷನ್, ಸಣ್ಣ ಕರುಳಿನ ತುದಿ ಹೊರಗೆ ತಂದು ಮಲಕ್ಕೆ ಹೊಟ್ಟೆ ಮೇಲೆ ಚೀಲ. ನನ್ನ ಎರಡು ಬಳೆ ಅಡ ಇಟ್ಟು 52,000 ಕಟ್ಟಿದೆ. ಒಟ್ಟು 6,84,000. ಚೀಲವನ್ನು ಚರ್ಮಕ್ಕೆ ಅಂಟಿಸೋ ಪ್ಲೇಟು ನಾಲ್ಕು ದಿನ ಬರಬೇಕಿತ್ತು, ಎರಡೇ ದಿನಕ್ಕೆ ಕಿತ್ತು ಬರ್ತಿತ್ತು, ಸುತ್ತಲಿನ ಚರ್ಮ ಬೆಂದ ಹಾಗೆ. ಸಣ್ಣ ಕರುಳಿನಿಂದ ನೀರುನೀರಾಗಿ ಹೋಗಿ ಉಪ್ಪಿನಂಶ ಇಳಿದು ಒಂದು ಸಲ ಮಾತೇ ತೊದಲಿತು. ಐದು ತಿಂಗಳಿಗೆ ಕರುಳು ಮತ್ತೆ ಒಳಗೆ ಸೇರಿಸಿದರು. ಈಗ ನನ್ನಮ್ಮ ತಾನೇ ಹಿಟ್ಟು ತೊಳಸಿ ಮುದ್ದೆ ಕಟ್ತಾಳೆ.

ಸಾಗರದವನು: ನಾವು ಮಾಡಿಸಲಿಲ್ಲ. ಅಪ್ಪನಿಗೆ 81, ಶ್ವಾಸಕೋಶ ಮೊದಲೇ ಹಾಳಾಗಿತ್ತು. ಹನ್ನೊಂದು ತಿಂಗಳು ಮನೆಯಲ್ಲೇ ಇದ್ದರು, ಅಡಿಕೆ ಕೊಯ್ಲನ್ನು ಜಗಲಿಯಲ್ಲಿ ಕೂತು ನೋಡಿದರು. ರಕ್ತ ಕಡಿಮೆಯಾದಾಗ ಎರಡು ಬಾಟಲಿ ಹಾಕಿಸಿಕೊಂಡು ಬರ್ತಿದ್ದೆವು. ಕೊನೆಗೆ ಕರುಳು ಕಟ್ಟಿತು. ಹಸಿರು ವಾಂತಿ, ಮೂಗಿಗೆ ಪೈಪು. ನೋವಿನ ಮಾರ್ಫಿನ್ ಮಾತ್ರೆಗೆ ಶಿವಮೊಗ್ಗಕ್ಕೆ ಓಡಬೇಕಿತ್ತು. ಆ ಒಂಬತ್ತು ದಿನ ಬಿಟ್ಟರೆ ನನಗೆ ಪಶ್ಚಾತ್ತಾಪ ಇಲ್ಲ.

ಹಾಸನದ ಅಕ್ಕ: ಆ ಒಂಬತ್ತು ದಿನ ತಪ್ಪಿಸೋಕೇ ಆಪರೇಷನ್ ಮಾಡೋದು. ಕರುಳು ಕಟ್ಟೋವರೆಗೂ ನೋಡ್ತಾ ಕೂತಿದ್ದಿರಲ್ಲ!

ಸಾಗರದವನು: ಉಸಿರಾಟದ ಪರೀಕ್ಷೆ ನೋಡಿ ಅರಿವಳಿಕೆ ಡಾಕ್ಟರೇ ಬೇಡ ಅಂದಿದ್ದರು. ಬಳೆ ಅಡ ಇಟ್ಟವರಿಗೆ ಮಾತ್ರ ಹೆತ್ತವರ ಮೇಲೆ ಪ್ರೀತಿ ಅಂದುಕೋಬೇಡಿ ಅಕ್ಕಾ.

ಮಂಡ್ಯದ ಸೊಸೆ: 6.84 ಲಕ್ಷ ಯಾಕೆ ಕೊಟ್ರಿ? ನಮ್ಮತ್ತೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡಿನಲ್ಲೇ ಆಯ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಹೊರಗಿನ ಔಷಧಿ, ರೂಮು, ಊಟ, ಬಸ್ಸು ಸೇರಿ 61,000 ನಮ್ಮ ಕೈಯಿಂದ. ಕರುಳಿನ ಪಕ್ಕದ ಹದಿನೇಳು ದುಗ್ಧಗ್ರಂಥಿ ತೆಗೆದು ನೋಡಿದರು, ಎರಡರಲ್ಲಿ ಕ್ಯಾನ್ಸರ್ ಇತ್ತು, ಹಾಗಾಗಿ ಎಂಟು ಕೀಮೋ. ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ಕೊಟ್ಟ ವಾರ ತಣ್ಣೀರು ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ ಕೈ ಎಳ್ಕೊಳ್ತಿದ್ರು. ಬೆರಳ ತುದಿ ಇವತ್ತಿಗೂ ಜೋಮು, ಹೂ ಕಟ್ಟೋಕೆ ಆಗ್ತಿಲ್ಲ.

ಹಾಸನದ ಅಕ್ಕ: ನಮ್ಮದು ಎಪಿಎಲ್. ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ಮೊತ್ತದ ಶೇ. 30 ಮಾತ್ರ, ಅದೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇದ್ದರೆ. ಕಾರಿರೋರೆಲ್ಲ ಬಿಪಿಎಲ್ ಮಾಡಿಸಿಕೊಂಡ್ರೆ ನಮ್ಮಂಥವರು ಎಲ್ಲಿಗೆ ಹೋಗಬೇಕು?

ಮಂಡ್ಯದ ಸೊಸೆ: ನಮ್ಮನೇಲಿ ಇರೋದು ಎರಡು ಹಸು. ಬಂದು ನೋಡಿ ಮಾತಾಡಿ.

ತಿಪಟೂರಿನ ಮಗ: ದಯವಿಟ್ಟು ಜಗಳ ಬೇಡ. ಸ್ಟೆಂಟ್ ಇದ್ದು ಆಪರೇಷನ್ ಆದವರು ಯಾರೂ ಇಲ್ವಾ?

ಬೆಳಗಾವಿಯವ: ನಮ್ಮ ಕಾಕಾಗ ಸ್ಟೆಂಟ್ ಇತ್ರಿ. ಹಾರ್ಟಿನ ಡಾಕ್ಟರು ರಕ್ತ ಹೆಪ್ಪುಗಟ್ಟದಂಗ ಕೊಡೂ ಕ್ಲೋಪಿಡೋಗ್ರೆಲ್ ಗುಳಿಗಿ ಐದು ದಿನ ಮೊದಲ ಬಂದ್ ಮಾಡ್ಸಿ, ಆಸ್ಪಿರಿನ್ ಹಂಗ ಮುಂದುವರಿಸಿದ್ರು. ನೀವ ನೀವ ಬಂದ್ ಮಾಡಬ್ಯಾಡ್ರಿ. ಹಾರ್ಟಿನವರು, ಸರ್ಜನ್ನು, ಅರಿವಳಿಕಿಯವರು ಮೂರೂ ಮಂದಿ ಒಬ್ಬರಿಗೊಬ್ರು ಮಾತಾಡೂಹಂಗ ಮಾಡ್ರಿ. ನಾವು ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕೇಳ್ಕೋತ 12 ದಿನ ಕಳಕೊಂಡ್ವಿ.