ಹಳೇ ಇಂಡಿಕಾ ಡೀಸೆಲ್: ಆಯಿಲ್ ಇಳೀತಾನೇ ಇದೆ, 20ಡಬ್ಲ್ಯೂ-50 ಮುಂದುವರಿಸಲೇ?

ಕ್ಯಾತ್ಸಂದ್ರ

ಎಲ್ಲರಿಗೂ ನಮಸ್ಕಾರ. ನಮ್ಮದು 2008ರ ಇಂಡಿಕಾ ವಿ2, ಟರ್ಬೊ ಇಲ್ಲದ 1405 ಸಿಸಿ ಡೀಸೆಲ್. 1,94,000 ಕಿ.ಮೀ. ಓಡಿದೆ. ಅಪ್ಪ ಹೊಸದಾಗಿ ತಂದ ಗಾಡಿ, ಈಗ ನನ್ನ ಕೈಗೆ ಬಂದಿದೆ. ಹದಿನೈದು ವರ್ಷ ಆದಮೇಲೆ ಆರ್‌ಸಿ ನವೀಕರಣ ಕೂಡ ಮಾಡಿಸಿದ್ದೇನೆ. ವಾರಕ್ಕೆ ಎರಡು ಸಲ ಬೆಂಗಳೂರು, ಭಾನುವಾರ ಮಧುಗಿರಿ ಕಡೆ ನಮ್ಮೂರು. ಮಾರುವ ಮನಸ್ಸಿಲ್ಲ.

ಒಂದು ವರ್ಷದಿಂದ ಆಯಿಲ್ ಕಡಿಮೆಯಾಗುತ್ತಿದೆ. 1,500 ಕಿ.ಮೀ.ಗೆ ಹತ್ತಿರ ಹತ್ತಿರ ಒಂದು ಲೀಟರ್ ಹಾಕಬೇಕು. ನಾಲ್ಕು ತಿಂಗಳ ಹಿಂದೆ ಇಲ್ಲೇ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. "ಇಂಜಿನ್ ಹಳೇದಾಯ್ತು ಸಾರ್, ಗಟ್ಟಿ ಆಯಿಲ್ ಹಾಕಿದ್ರೆ ಕುಡಿಯೋದು ನಿಲ್ಲುತ್ತೆ" ಎಂದು 15ಡಬ್ಲ್ಯೂ-40 ತೆಗೆದು 20ಡಬ್ಲ್ಯೂ-50 ಹಾಕಿದರು. ಫಿಲ್ಟರ್ ಕೂಡ ಬದಲಾಯಿಸಿದರು.

ಆಮೇಲೆ ಕುಡಿಯುವುದೂ ನಿಲ್ಲಲಿಲ್ಲ, ಹೊಸ ತೊಂದರೆಯೂ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಲೈಟ್ ಆರಲು ನಾಲ್ಕೈದು ಸೆಕೆಂಡ್ ಬೇಕು. ಅಷ್ಟು ಹೊತ್ತು ಮೇಲಿನಿಂದ ಟಕಟಕ ಸದ್ದು. ಬಿಸಿಯಾದ ಮೇಲೆ ಏನೂ ಇಲ್ಲ. ಭಾವ ಹೇಳುತ್ತಾರೆ, ಅವರ ಹೊಸ ಗಾಡಿಗೆ ಹಾಕುವ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ ಹಾಕು, ಎಲ್ಲ ಸರಿ ಹೋಗುತ್ತೆ ಅಂತ. ಒಬ್ಬರು ಗಟ್ಟಿ ಅಂತಾರೆ, ಇನ್ನೊಬ್ಬರು ತೆಳು ಅಂತಾರೆ. ಯಾವುದು ಹಾಕಲಿ?

ಚಿಂತಾಮಣಿ ಗ್ಯಾರೇಜ್

ಸರ್, ಸದ್ಯಕ್ಕೆ ಯಾವ ಆಯಿಲೂ ಕೊಳ್ಳಬೇಡಿ. ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗದೆ ಗ್ರೇಡ್ ಬದಲಾಯಿಸಿದರೆ ದುಡ್ಡು ಖರ್ಚು ಅಷ್ಟೇ. ಇಷ್ಟು ನೋಡಿ ಹೇಳಿ.

ಈಗ ಹಾಕಿರುವ ಆಯಿಲ್ ಡಬ್ಬ ಇದೆಯಾ? ಅದರ ಹಿಂದೆ ಎಪಿಐ (ಆಯಿಲ್ ಗುಣಮಟ್ಟದ ಗುರುತು) ಅಂತ ಬರೆದು ಪಕ್ಕದಲ್ಲಿ ಯಾವ ಅಕ್ಷರ ಇದೆ? ಫಿಲ್ಟರ್ ಯಾವುದು? ಆಯಿಲ್ ಸೇರಿಸುವಾಗ ಮಟ್ಟ ನೋಡುವ ಕಡ್ಡಿಯಲ್ಲಿ ಎಲ್ಲಿಯವರೆಗೆ ತುಂಬುತ್ತೀರಿ? ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಬಿಸಿ ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ, ಹುಷಾರು, ಆಯಿಲ್ ಹಾರಬಹುದು. ಮುಚ್ಚಳ ಕುಣಿಯುತ್ತಾ, ಹೊಗೆ ಬುಸುಬುಸು ಬರುತ್ತಾ? ಕೊನೆಯದಾಗಿ ಇಂಜಿನ್ ಮೇಲಿನ ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರ್ ಕಡೆ ಹೋಗುವ ಬ್ರೀದರ್ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ.

ಸೈಲೆನ್ಸರ್ ಹೊಗೆಯ ಬಣ್ಣವನ್ನೂ ಹೇಳಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ.

ಕ್ಯಾತ್ಸಂದ್ರ

ಅಣ್ಣ, ಎಲ್ಲ ನೋಡಿದೆ. ಡಬ್ಬದಲ್ಲಿ 20ಡಬ್ಲ್ಯೂ-50, ಎಪಿಐ ಎಸ್‌ಎಲ್ ಅಂತ ಇದೆ. ಬೇರೆ ಅಕ್ಷರ ಇಲ್ಲ. ಫಿಲ್ಟರ್ ಮೇಲೆ ಹೆಸರೇ ಇಲ್ಲ, ಬರೀ ಬಿಳಿ ಬಣ್ಣ. ರಟ್ಟಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಒಂದೇ ಒಂದು ಕಲೆ. ಮುಚ್ಚಳ ಕುಣಿಯಲ್ಲ, ಸ್ವಲ್ಪ ಆವಿ ಬಂತು. ನಮ್ಮಣ್ಣನನ್ನು ಹಿಂದೆ ಬರುವ ಬೇರೆ ಗಾಡಿಯಲ್ಲಿ ಕೂರಿಸಿ ದೇವರಾಯನದುರ್ಗದ ಘಾಟಿ ಹತ್ತಿಸಿದೆ. ತಿರುವಿನಲ್ಲಿ ಒಮ್ಮೊಮ್ಮೆ ಕಪ್ಪು ಹೊಗೆ, ನೀಲಿ ಕಾಣಲಿಲ್ಲ ಅಂದರು.

ಬ್ರೀದರ್ ಪೈಪಿನೊಳಗೆ ಮಾತ್ರ ಆಯಿಲ್ ಜಿನುಗುತ್ತಿದೆ. ಏರ್ ಫಿಲ್ಟರ್ ಡಬ್ಬದ ತಳವೂ ಒದ್ದೆ. ತುಂಬುವುದು, ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿಯೇ ಇರಲಿ ಅಂತ ತುಂಬುತ್ತೇನೆ. ಹೇಗೂ ಕುಡಿಯುತ್ತಲ್ಲ, ದಾರಿಯಲ್ಲಿ ಕಡಿಮೆ ಆಗಬಾರದು ಅಂತ.

ಚಿಂತಾಮಣಿ ಗ್ಯಾರೇಜ್

ನಿಮ್ಮ ಮುಕ್ಕಾಲು ಉತ್ತರ ಆ ಒಂದು ಬೆರಳಿನಲ್ಲಿದೆ ಸರ್.

ಮೇಲಿನ ಗೆರೆ ದಾಟಿ ಆಯಿಲ್ ತುಂಬಿದರೆ ಇಂಜಿನ್ ತಳದ ಕ್ರ್ಯಾಂಕ್ ದಂಡ ತಿರುಗುವಾಗ ಅದಕ್ಕೆ ಬಡಿದು ನೊರೆ ಎಬ್ಬಿಸುತ್ತದೆ. ಆ ನೊರೆ, ತುಂತುರು ಎಲ್ಲ ಬ್ರೀದರ್ ಪೈಪ್ ಹಿಡಿದು ಏರ್ ಫಿಲ್ಟರಿಗೆ ಹೋಗುತ್ತದೆ. ಅಲ್ಲಿಂದ ಗಾಳಿಯ ಜೊತೆ ಇಂಜಿನ್ ಒಳಗೆ ಹೋಗಿ ಉರಿದು ಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಹೋಗುವುದರಿಂದ ನೀಲಿ ಹೊಗೆ ಕಣ್ಣಿಗೆ ಬೀಳದೇ ಇರಬಹುದು. ನೀವು ಮತ್ತೆ ತುಂಬುತ್ತೀರಿ, ಅದು ಮತ್ತೆ ಎಸೆಯುತ್ತದೆ. ಏರ್ ಫಿಲ್ಟರ್ ಆಯಿಲ್‌ನಲ್ಲಿ ನೆನೆದರೆ ಗಾಳಿ ಕಟ್ಟುತ್ತದೆ, ಘಾಟಿಯಲ್ಲಿ ಕಂಡ ಕಪ್ಪು ಹೊಗೆಗೆ ಅದೇ ಕಾರಣ ಇರಬಹುದು. ಮುಚ್ಚಳ ಕುಣಿಯುತ್ತಿಲ್ಲ, ಅಂದರೆ ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಗಾಳಿ) ದೊಡ್ಡದಾಗಿಲ್ಲ. ರಿಂಗು, ಬೋರು ಅಂತ ಈಗಲೇ ಯಾರಾದರೂ ಇಂಜಿನ್ ಬಿಚ್ಚಲು ಹೇಳಿದರೆ ಒಪ್ಪಬೇಡಿ.

ಎರಡನೆಯದು ಫಿಲ್ಟರ್. ಒಳ್ಳೆ ಫಿಲ್ಟರಿನೊಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಇಂಜಿನ್ ನಿಂತ ಮೇಲೆ ಫಿಲ್ಟರಿನಲ್ಲಿರುವ ಆಯಿಲ್ ವಾಪಸ್ ತಳದ ಆಯಿಲ್ ಚೇಂಬರಿಗೆ ಇಳಿದು ಹೋಗದಂತೆ ತಡೆಯುವುದೇ ಅದರ ಕೆಲಸ. ಹೆಸರಿಲ್ಲದ ಫಿಲ್ಟರ್‌ಗಳಲ್ಲಿ ಆ ರಬ್ಬರ್ ಕಳಪೆ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ರಾತ್ರಿಯೆಲ್ಲ ಆಯಿಲ್ ಇಳಿದು ಫಿಲ್ಟರ್ ಖಾಲಿ ಆಗುತ್ತದೆ. ಬೆಳಿಗ್ಗೆ ಪಂಪ್ ಮೊದಲು ಅದನ್ನು ತುಂಬಬೇಕು, ಆಮೇಲೆ ಮೇಲಕ್ಕೆ ಕಳಿಸಬೇಕು. ಗಟ್ಟಿ ಆಯಿಲ್ ಆದರೆ ಇನ್ನೂ ತಡ. ಲೈಟ್ ಆರದ ನಾಲ್ಕೈದು ಸೆಕೆಂಡ್, ಆ ಟಕಟಕ, ಎರಡಕ್ಕೂ ನನಗೆ ಮೊದಲ ಅನುಮಾನ ಇದರ ಮೇಲೆ. ಇಂಜಿನ್ ಸವೆಯುವುದೇ ಇಂಥ ಒಣ ಸ್ಟಾರ್ಟಿನಲ್ಲಿ, ತಡ ಮಾಡಬೇಡಿ.

ಮೂರನೆಯದು ನನಗೆ ನಿಜವಾಗಿ ಬೇಜಾರಾದ ವಿಷಯ. ಎಪಿಐ ಗುರುತಿನಲ್ಲಿ ಎಸ್‌ನಿಂದ ಶುರುವಾದರೆ ಪೆಟ್ರೋಲ್, ಸಿಯಿಂದ ಶುರುವಾದರೆ ಡೀಸೆಲ್. ನಿಮ್ಮ ಡಬ್ಬದಲ್ಲಿ ಎಸ್‌ಎಲ್ ಮಾತ್ರ ಇದೆ. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಆಯಿಲ್ ಹಾಕಿದ್ದಾರೆ. ಡೀಸೆಲ್ ಉರಿದಾಗ ಮಸಿ ಜಾಸ್ತಿ. ಆ ಮಸಿ ಒಟ್ಟುಗೂಡಿ ಕೆಸರಾಗದಂತೆ ಬಿಡಿಬಿಡಿಯಾಗಿ ಹಿಡಿದಿಡುವ ಮದ್ದು ಡೀಸೆಲ್ ಆಯಿಲ್‌ನಲ್ಲಿ ಜಾಸ್ತಿ ಬೆರೆಸಿರುತ್ತಾರೆ. ಹೊಸ ಆಯಿಲ್ ಹಾಕಿ ಎರಡೇ ದಿನಕ್ಕೆ ಕಪ್ಪಾದರೆ ಜನ ಗಾಬರಿಯಾಗುತ್ತಾರೆ, ಅಲ್ವಾ? ಡೀಸೆಲ್‌ನಲ್ಲಿ ಅದು ಸರಿಯಾದ ಲಕ್ಷಣವೇ. ಮಸಿ ಆಯಿಲ್‌ನೊಳಗೆ ತೇಲುತ್ತಿದೆ, ಗೋಡೆಗೆ ಅಂಟಿಲ್ಲ ಅಂತ ಅರ್ಥ.

ಇನ್ನು ಗ್ರೇಡ್. ಡಬ್ಲ್ಯೂ ಅಂದರೆ ವಿಂಟರ್, ಅದಕ್ಕಿಂತ ಮೊದಲು ಬರುವ ಅಂಕಿ ಚಳಿಗೆ ಸಂಬಂಧಿಸಿದ್ದು. 15ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಟ್ಟು ಸ್ಟಾರ್ಟಿಂಗ್ ಪರೀಕ್ಷೆ ಮಾಡುತ್ತಾರೆ. ನಂದಿಬೆಟ್ಟದ ತಪ್ಪಲಿನ ನಮ್ಮ ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿ ಅದರ ಮುಂದೆ ಏನೂ ಅಲ್ಲ. ಹಾಗಾಗಿ ನಮ್ಮ ಕಡೆ 5ಡಬ್ಲ್ಯೂ ಬೇಕೇ ಬೇಕು ಎನ್ನುವ ಅಗತ್ಯ ಈ ಗಾಡಿಗೆ ಇಲ್ಲ. ಕೊನೆಯ ಅಂಕಿ ಮುಖ್ಯ, ಅದು ಬಿಸಿಯಲ್ಲಿ ಎಷ್ಟು ದಪ್ಪ ಎಂದು ಹೇಳುತ್ತದೆ. 100 ಡಿಗ್ರಿಯಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ) ಒಳಗೆ, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ನಿಮ್ಮ ಇಂಜಿನ್ ಇಷ್ಟು ವರ್ಷ ಓಡಿದ್ದು 40ರಲ್ಲಿ. ಬೇರಿಂಗ್ ಸಂದುಗಳಿಗೆ ಒಗ್ಗಿರುವುದೂ ಅದೇ. ಭಾವ ಹೇಳಿದ 30 ಒಳ್ಳೆ ಆಯಿಲೇ, ಅವರ ಗಾಡಿಗೆ. ಎರಡು ಲಕ್ಷದ ಹತ್ತಿರ ಬಂದ ನಿಮ್ಮ ಇಂಜಿನ್‌ನಲ್ಲಿ ಬಿಸಿ ಐಡ್ಲಿಂಗಿಗೆ ಪ್ರೆಷರ್ ಇಳಿಯಬಹುದು.

ನನ್ನ ಸಲಹೆ: 15ಡಬ್ಲ್ಯೂ-40 ಮಿನರಲ್, ಎಪಿಐ ಸಿಐ-4. ಗಾಡಿಯ ಕೈಪಿಡಿ ಇದ್ದರೆ ಅದರ ಜೊತೆ ಒಮ್ಮೆ ತಾಳೆ ನೋಡಿ. ಸಿಹೆಚ್-4 ಸಿಕ್ಕರೂ ನಡೆಯುತ್ತದೆ. ಸಿಹೆಚ್-4 ಬಂದದ್ದು 1998ರಲ್ಲಿ, ಸಿಐ-4 ಬಂದದ್ದು 2002ರಲ್ಲಿ. ಎರಡೂ ಸುಲಭವಾಗಿ ಸಿಗುತ್ತವೆ. ಕಂಪನಿ ಯಾವುದಾದರೂ ಇರಲಿ, ನಂಬಿಕೆಯ ಅಂಗಡಿಯಲ್ಲಿ ಸೀಲ್ ನೋಡಿ ತೆಗೆದುಕೊಳ್ಳಿ. ಖಾಲಿ ಡಬ್ಬ ಗ್ಯಾರೇಜಿನಲ್ಲಿ ಬಿಡಬೇಡಿ, ತೂತು ಮಾಡಿ ಹಾಕಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಆ ಅಸಲಿ ಡಬ್ಬವೇ.

ಮಾಲೂರು

ನಡುವೆ ಒಂದು ಮಾತು. ಜಾಸ್ತಿ ಆಯಿಲ್ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಹಳೇ ಡೀಸೆಲ್ ಪಿಕಪ್‌ನಲ್ಲಿ ಕೋಲಾರ ಎಪಿಎಂಸಿಗೆ ಟೊಮ್ಯಾಟೊ ಹೊಡೆಯುತ್ತಿದ್ದೆವು. ಒಂದು ದಿನ ನಾನು ಒಂದು ಸಲ, ನನಗೆ ಗೊತ್ತಿಲ್ಲದೆ ತಮ್ಮ ಇನ್ನೊಂದು ಸಲ ಆಯಿಲ್ ಹಾಕಿದ್ದೆವು. ಏರು ಹತ್ತುವಾಗ ಇಂಜಿನ್ ತಾನೇ ತಾನಾಗಿ ಕೂಗಲು ಶುರು. ಹಿಂದೆ ರಸ್ತೆಯೇ ಕಾಣದಷ್ಟು ಹೊಗೆ. ಕೀ ತೆಗೆದರೂ ನಿಲ್ಲಲಿಲ್ಲ! ಬ್ರೀದರಿನಿಂದ ಹೋದ ಆಯಿಲನ್ನೇ ಇಂಜಿನ್ ಡೀಸೆಲ್ ಥರ ಉರಿಸಿಕೊಂಡು ಓಡುತ್ತಿತ್ತು. ತಮ್ಮ ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಕ್ಲಚ್ ಬಿಟ್ಟ. ಆಗ ಬಂದ್ ಆಯ್ತು. ಇನ್ನೂ ಹತ್ತು ಸೆಕೆಂಡ್ ಆಗಿದ್ದರೆ ಇಂಜಿನ್ ಒಡೆದೇ ಹೋಗುತ್ತಿತ್ತೇನೋ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಕ್ಯಾತ್ಸಂದ್ರ

ಓದಿ ಎದೆ ಧಸಕ್ಕೆಂದಿತು. ಮನೆಯವರನ್ನು ಕೂರಿಸಿಕೊಂಡು ಓಡಾಡುವ ಗಾಡಿ ಇದು. ನಾಳೆಯೇ ಆಯಿಲ್ ಕೆಳಗಿಳಿಸುತ್ತೇನೆ. ಎರಡು ಸಣ್ಣ ಪ್ರಶ್ನೆ. ಪೆಟ್ರೋಲ್ ಆಯಿಲ್ ಓಡಿದೆಯಲ್ಲ, ಇಂಜಿನ್ ಫ್ಲಶ್ ಮಾಡಿಸಲೇ? ಲೀಕ್ ನಿಲ್ಲಿಸುವ ಔಷಧಿ ಬಾಟಲಿ ಬಿ.ಹೆಚ್. ರಸ್ತೆಯ ಅಂಗಡಿಯಲ್ಲಿ ನೋಡಿದೆ, ಹಾಕಬಹುದಾ?

ಚಿಂತಾಮಣಿ ಗ್ಯಾರೇಜ್

ಎರಡೂ ಬೇಡ. ಇಷ್ಟು ಓಡಿದ ಇಂಜಿನ್‌ನಲ್ಲಿ ಫ್ಲಶ್ ಹಾಕಿದರೆ ಹಳೇ ಕೆಸರು ದಪ್ಪದಪ್ಪ ತುಂಡಾಗಿ ಎದ್ದು ಪಂಪಿನ ಜಾಲರಿಗೆ ಅಡ್ಡ ಕೂರಬಹುದು. ಸಿಐ-4 ಹಾಕಿ 2,500 ಕಿ.ಮೀ.ಗೇ ಒಮ್ಮೆ ಆಯಿಲು ಫಿಲ್ಟರು ಎರಡನ್ನೂ ಬದಲಾಯಿಸಿ. ಅದು ನಿಧಾನಕ್ಕೆ ತೊಳೆದುಕೊಂಡು ಬರುತ್ತದೆ. ಔಷಧಿ ಬದಲು ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೊಸದು ಹಾಕಿಸಿ, ರಟ್ಟಿನ ಮೇಲಿನ ಕಲೆ ಅಲ್ಲಿಂದಲೇ ಇಳಿದಿರಬಹುದು. ಬ್ರೀದರ್ ಪೈಪ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಏರ್ ಫಿಲ್ಟರ್ ಹೊಸದು. ಡ್ರೈನ್ ಬೋಲ್ಟಿನ ವಾಷರ್ ಮರೆಯಬೇಡಿ.

ಕಡ್ಡಿ ನೋಡುವಾಗ ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಆಗಿರಲಿ. ಎರಡು ಗೆರೆಯ ನಡುವೆ, ಮೇಲಿನ ಗೆರೆಗಿಂತ ಸ್ವಲ್ಪ ಕೆಳಗಿದ್ದರೆ ಸಾಕು. ಇಷ್ಟೆಲ್ಲ ಆದಮೇಲೂ ಲೈಟ್ ತಡ ಮಾಡಿದರೆ ಓಡಿಸಬೇಡಿ. ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೀಟರ್ ಹಾಕಿ ನೋಡಬೇಕಾಗುತ್ತದೆ.

ಕ್ಯಾತ್ಸಂದ್ರ

ಎರಡು ತಿಂಗಳಾಯಿತು, ವರದಿ ಒಪ್ಪಿಸುತ್ತಿದ್ದೇನೆ. ಬೇರೆ ಗ್ಯಾರೇಜಿನಲ್ಲಿ ಮುಂದೆ ನಿಂತು ಮಾಡಿಸಿದೆ. ಹಳೇ ಫಿಲ್ಟರನ್ನು ಗರಗಸದಿಂದ ಕೊಯ್ಯಿಸಿ ನೋಡಿದೆವು. ಒಳಗೆ ರಬ್ಬರ್ ಇತ್ತು, ಆದರೆ ರಟ್ಟಿನ ಹಾಗೆ ಒಣಗಿ ಸೆಟೆದುಕೊಂಡಿತ್ತು. ಅಸಲಿ ಫಿಲ್ಟರ್, 15ಡಬ್ಲ್ಯೂ-40 ಸಿಐ-4 ಹಾಕಿದ ಮರುದಿನ ಬೆಳಿಗ್ಗೆಯೇ ಲೈಟ್ ಒಂದು ಸೆಕೆಂಡಿಗೆ ಆರಿತು. ಟಕಟಕ ಇಲ್ಲ.

ಇಲ್ಲಿಯವರೆಗೆ 1,620 ಕಿ.ಮೀ. ಓಡಿದೆ. ಪ್ರತಿ ಭಾನುವಾರ ಊರಿಗೆ ಹೊರಡುವ ಮೊದಲು ಕಡ್ಡಿ ನೋಡಿ ಬರೆದಿಟ್ಟಿದ್ದೇನೆ. ಎರಡು ಗೆರೆಯ ನಡುವಿನ ಕಾಲು ಭಾಗದಷ್ಟು ಇಳಿದಿದೆ, ಅಷ್ಟೇ. ಒಂದು ಹನಿಯೂ ಸೇರಿಸಿಲ್ಲ. ರಟ್ಟು ಒಣಗಿದೆ. ಏರ್ ಫಿಲ್ಟರ್ ಡಬ್ಬದ ತಳ ಒರೆಸಿ ಇಟ್ಟಿದ್ದೆ, ಹಾಗೇ ಇದೆ. ಅಪ್ಪ ಮೊನ್ನೆ ಪಕ್ಕದಲ್ಲಿ ಕೂತು "ಸದ್ದು ಮೊದಲಿನ ಥರ ಆಯ್ತಲ್ಲೋ" ಅಂದರು. ನನಗೆ ಅಷ್ಟು ಸಾಕು. ನಿಮ್ಮಿಬ್ಬರಿಗೂ ತುಂಬ ಥ್ಯಾಂಕ್ಸ್ ಅಣ್ಣ.

ಬಿಚ್ಚಿ ತೆಗೆದ ಹಳೇ ಆಯಿಲ್ ಕ್ಯಾನ್‌ನಲ್ಲಿದೆ. ಏನು ಮಾಡಲಿ?

ಚಿಂತಾಮಣಿ ಗ್ಯಾರೇಜ್

ತುಂಬ ಖುಷಿಯಾಯಿತು ಸರ್. ಕಾಲು ಭಾಗ ಇಳಿಯುವುದು ಈ ವಯಸ್ಸಿನ ಇಂಜಿನ್‌ಗೆ ಏನೇನೂ ಅಲ್ಲ. ಹಳೇ ಆಯಿಲನ್ನು ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. ದೊಡ್ಡ ಗ್ಯಾರೇಜುಗಳಲ್ಲಿ ಡ್ರಮ್ಮಿನಲ್ಲಿ ಕೂಡಿಟ್ಟು ಶುದ್ಧೀಕರಣಕ್ಕೆ ಕೊಡುತ್ತಾರೆ, ಅಲ್ಲಿ ಕೇಳಿ ಕೊಡಿ. 2,500 ಆದಾಗ ಬದಲಾಯಿಸುವುದನ್ನು ಮರೆಯಬೇಡಿ. ಆಗ ಇಳಿಸಿದ ಆಯಿಲನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಮರಳಿನ ಹಾಗೆ ಗರಗರ ಅಂದರೆ ಅಥವಾ ಹೊಳೆಯುವ ಚೂರು ಕಂಡರೆ ಫೋಟೊ ಹಾಕಿ.