ಸರಾಸರಿ ಲೆಕ್ಕ: ಒಬ್ಬರ ಬದಲು ಇನ್ನೊಬ್ಬರು ಬಂದಾಗ ಬಿಡಿಸುವುದು ಹೇಗೆ?

ಪ್ರಶ್ನೆ – ಎಫ್‌ಡಿಎ ಅಭ್ಯರ್ಥಿ

ಈ ಎರಡು ಲೆಕ್ಕ ಯಾರಾದರೂ ಬಿಡಿಸಿ ಹೇಳಿ.

(ಅ) 12 ಆಟಗಾರರ ತಂಡದಲ್ಲಿ 58 ಕೆ.ಜಿ. ತೂಕದವನನ್ನು ಕೈಬಿಟ್ಟು ಹೊಸಬನನ್ನು ಸೇರಿಸಿಕೊಂಡಾಗ ಸರಾಸರಿ ತೂಕ 1.5 ಕೆ.ಜಿ. ಏರಿತು. ಹೊಸಬನ ತೂಕ ಎಷ್ಟು? ಹಳೆಯ ಸರಾಸರಿಯನ್ನೇ ಕೊಟ್ಟಿಲ್ಲವಲ್ಲ?

(ಆ) 10 ಸದಸ್ಯರ ಸಮಿತಿಯ ಸರಾಸರಿ ವಯಸ್ಸು 4 ವರ್ಷದ ಹಿಂದೆ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಕಾರಣ, ಹಿರಿಯರೊಬ್ಬರ ಜಾಗಕ್ಕೆ ಕಿರಿಯರೊಬ್ಬರು ಬಂದಿದ್ದಾರೆ. ಇಬ್ಬರ ವಯಸ್ಸಿನ ಅಂತರ? ಉತ್ತರ 40 ಎಂದಿದೆ. ಸರಾಸರಿ ಬದಲಾಗಿಲ್ಲ ಎಂದಮೇಲೆ ಅಂತರ 0 ಬರಬೇಕಲ್ಲವೇ?

ಉತ್ತರ – ಗಣಿತ ಮೇಷ್ಟ್ರು

ಸರಾಸರಿಯನ್ನು ಮರೆತು ಮೊತ್ತವನ್ನು ಹಿಡಿಯಿರಿ. (ಅ)ದಲ್ಲಿ ಸರಾಸರಿ 1.5 ಏರಿದರೆ 12 ಜನರ ಒಟ್ಟು ತೂಕ 12 × 1.5 = 18 ಕೆ.ಜಿ. ಏರಿದೆ. ಉಳಿದ 11 ಜನ ಹಾಗೇ ಇದ್ದಾರೆ, ಅವರ ತೂಕ ಬದಲಾಗಿಲ್ಲ. ಹಾಗಾಗಿ ಆ 18 ಕೆ.ಜಿ. ಪೂರ್ತಿ ಹೊಸಬನದೇ ಹೆಚ್ಚಳ: 58 + 18 = 76. ಹಳೆಯ ಸರಾಸರಿ 50 ಇರಲಿ, 70 ಇರಲಿ, ಉತ್ತರ ಇದೇ. ಅದಕ್ಕೇ ಕೊಟ್ಟಿಲ್ಲ.

ಸರಾಸರಿ ಇಳಿದಿದ್ದರೆ ಕೂಡುವ ಬದಲು ಕಳೆಯಿರಿ. ಆಯ್ಕೆಗಳಲ್ಲಿ 40 (ಚಿಹ್ನೆ ತಪ್ಪಿದವರಿಗೆ), 59.5 (12ರಿಂದ ಗುಣಿಸದವರಿಗೆ) ಇದ್ದೇ ಇರುತ್ತವೆ. ಸರಾಸರಿ ಏರಿದೆ ಎಂದರೆ ಬಂದವನು ಹೋದವನಿಗಿಂತ ಭಾರ ಇರಲೇಬೇಕು. ಇಷ್ಟು ನೋಡಿದರೆ 40 ತಾನಾಗಿ ಬಿದ್ದುಹೋಗುತ್ತದೆ.

(ಆ)ದಲ್ಲಿ ಸುಮ್ಮನಿದ್ದರೂ ವಯಸ್ಸು ಏರುತ್ತದೆ, ತೂಕದ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಯಾರನ್ನೂ ಬದಲಿಸದಿದ್ದರೆ 4 ವರ್ಷದಲ್ಲಿ 10 ಜನರ ಮೊತ್ತ 40 ವರ್ಷ ಏರಬೇಕಿತ್ತು. ಏರಿಲ್ಲ. ಆ 40 ವರ್ಷವನ್ನು ಹೊಸಬರು ನುಂಗಿಹಾಕಿದ್ದಾರೆ, ಅಂದರೆ ಹೋದವರಿಗಿಂತ ಅವರು 40 ವರ್ಷ ಚಿಕ್ಕವರು.

ಉತ್ತರ – ಮಾನಸಿಕ ಸಾಮರ್ಥ್ಯ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಂತರ ಕೇಳಿದರೆ ಬದಲಾವಣೆ ಯಾವಾಗ ಆಯಿತು ಎನ್ನುವುದು ಬೇಕಿಲ್ಲ. ವಯಸ್ಸನ್ನೇ ಕೇಳಿದರೆ ಬೇಕು, ಎಡವುವುದೂ ಅಲ್ಲೇ.

ಉದಾಹರಣೆಗೆ, 5 ಜನರ ಸಮಿತಿಯ ಸರಾಸರಿ 3 ವರ್ಷದ ಹಿಂದೆ ಇದ್ದಷ್ಟೇ ಈಗಲೂ ಇದೆ. ಒಂದು ವರ್ಷದ ಹಿಂದೆ 57ನೇ ವಯಸ್ಸಿನಲ್ಲಿ ಒಬ್ಬರು ಬಿಟ್ಟರು, ಅವರ ಜಾಗಕ್ಕೆ ಆಗಲೇ ಹೊಸಬರು ಬಂದರು. ಹೊಸಬರ ಈಗಿನ ವಯಸ್ಸು? ಅಂತರ 5 × 3 = 15. ಆತುರದಲ್ಲಿ 57 − 15 = 42 ಎಂದುಬಿಡುತ್ತಾರೆ; ಅದು ಸೇರಿದಾಗಿನ ವಯಸ್ಸು. ಬಿಟ್ಟವರಿಗೆ ಈಗ 58, ಆದ್ದರಿಂದ ಹೊಸಬರಿಗೆ 43. ತಾಳೆ ನೋಡಿ: 3 ವರ್ಷದ ಹಿಂದೆ ಬಿಟ್ಟವರಿಗೆ 55. ಉಳಿದ ನಾಲ್ವರು 12 ವರ್ಷ ಕೂಡಿಸಿದ್ದಾರೆ. ಮೊತ್ತ ಅಷ್ಟೇ ಉಳಿಯಲು 55 − 12 = 43. ಸರಿಹೋಯಿತು.

ಎಫ್‌ಡಿಎ ಅಭ್ಯರ್ಥಿ

ಈಗ ತಿಳಿಯಿತು ಸರ್. ಇಬ್ಬರು ಹೋಗಿ ಇಬ್ಬರು ಬಂದರೆ? ಹಾಗೆಯೇ, ಯಾರೂ ಹೋಗದೆ ಒಬ್ಬರು ಹೊಸದಾಗಿ ಸೇರಿದರೂ ಇದೇ ಸೂತ್ರವೇ?

ಉತ್ತರ – ಗಣಿತ ಮೇಷ್ಟ್ರು

ಇಬ್ಬರಾದರೂ ದಾರಿ ಒಂದೇ. 6 ಜನರಲ್ಲಿ 48 ಮತ್ತು 62 ವರ್ಷದವರ ಬದಲು ಇಬ್ಬರು ಬಂದು ಸರಾಸರಿ 2 ಇಳಿದರೆ, ಬಂದವರ ಮೊತ್ತ 110 − 12 = 98. ಇಬ್ಬರ ಸರಾಸರಿ 49. ಬೇರೆಬೇರೆ ವಯಸ್ಸು ಬೇಕೆಂದರೆ ಇನ್ನೊಂದು ಸುಳಿವು ಬೇಕೇ ಬೇಕು. ಅಂತರ 6 ಎಂದು ಕೊಟ್ಟಿದ್ದರೆ 52 ಮತ್ತು 46.

ಹೊಸದಾಗಿ ಸೇರಿದಾಗ ಮಾತ್ರ ಲೆಕ್ಕ ಬೇರೆ, ಏಕೆಂದರೆ ತಲೆಗಳ ಸಂಖ್ಯೆಯೇ ಬದಲಾಗುತ್ತದೆ. 24 ವಿದ್ಯಾರ್ಥಿಗಳ ಸರಾಸರಿ ತೂಕ 35 ಕೆ.ಜಿ.; ಶಿಕ್ಷಕರನ್ನೂ ಸೇರಿಸಿದರೆ ಸರಾಸರಿ 400 ಗ್ರಾಂ ಏರುತ್ತದೆ. ಶಿಕ್ಷಕರು ತಮ್ಮ ಪಾಲಿನ 35 ತರಬೇಕು, ಮೇಲೆ ತಮ್ಮನ್ನೂ ಸೇರಿಸಿ 25 ಜನರಿಗೂ 0.4ರಂತೆ ಕೊಡಬೇಕು: 35 + 10 = 45 ಕೆ.ಜಿ. 24ರಿಂದ ಗುಣಿಸಿದರೆ 44.6 ಬರುತ್ತದೆ, ತಪ್ಪು. ಇಲ್ಲಿ ಹಳೆಯ ಸರಾಸರಿ ಇಲ್ಲದೆ ಹೆಜ್ಜೆ ಇಡಲಾಗದು. ಗ್ರಾಂ, ತಿಂಗಳುಗಳನ್ನು ಮೊದಲೇ ಕೆ.ಜಿ., ವರ್ಷಕ್ಕೆ ತಂದುಕೊಳ್ಳಿ.

ಉತ್ತರ – ಮಾನಸಿಕ ಸಾಮರ್ಥ್ಯ

ಬದಲಿ ಲೆಕ್ಕದಲ್ಲೂ ಹಳೆಯ ಸರಾಸರಿ ಬೇಕಾಗುವ ಸಂದರ್ಭ ಒಂದಿದೆ: ‘ಸರಾಸರಿ ಶೇ. 5 ಏರಿತು’ ಎಂದಾಗ. 10 ಜನರ ಸರಾಸರಿ 60 ಇದ್ದರೆ ಶೇ. 5 ಅಂದರೆ 3, ಮೊತ್ತದಲ್ಲಿ 30. ನೇರವಾಗಿ 10 × 5 = 50 ಮಾಡಬೇಡಿ.

ಅಂಕ ತಪ್ಪಾಗಿ ಬರೆದ ಲೆಕ್ಕವೂ ವೇಷ ಬದಲಿಸಿದ ಇದೇ ಮಾದರಿ. 40 ವಿದ್ಯಾರ್ಥಿಗಳ ಸರಾಸರಿ 62 ಬಂದಿದೆ, ಆದರೆ 96ನ್ನು 69 ಎಂದು ಬರೆದಿದ್ದರು. 69 ಹೋಗಿ 96 ಬಂದಂತೆ ನೋಡಿ: ಮೊತ್ತ 27 ಹೆಚ್ಚು, 27 ÷ 40 = 0.675, ಸರಿಯಾದ ಸರಾಸರಿ 62.675. 40 × 62 ಗುಣಿಸುತ್ತ ಕೂರುವ ಅಗತ್ಯವೇ ಇಲ್ಲ.